ಗೋಡೆಗೆ ತೂತು ಹೊಡೆಯುವ ಮುಂಚೆ

ಆಯುಧಪೂಜೆ ದಿನ ನಿಮ್ಮನೆಗೆ ಬಂದಿದ್ದೆನಲ್ಲ, ಅವತ್ತೇ ಹೇಳಬೇಕು ಅಂದುಕೊಂಡಿದ್ದೆ. ಹಬ್ಬದ ದಿನ ಎಲ್ಲರೆದುರು ಯಾಕೆ ಅಂತ ಸುಮ್ಮನಾದೆ. ಈಗ ನೀನೇ ಫೋನು ಮಾಡಿ, 'ಮಾವ, ನಿಮ್ಮ ಡ್ರಿಲ್ಲಿಂಗ್ ಮಷೀನು ಭಾನುವಾರಕ್ಕೆ ಸಿಗುತ್ತಾ, ಸೈಕಲ್ಲೆಲ್ಲ ಗೋಡೆಗೆ ನೇತುಹಾಕಿಬಿಡ್ತೀನಿ' ಅಂತ ಕೇಳಿದ್ದೀಯ. ಮಷೀನು ಕೊಡ್ತೀನಪ್ಪ, ಅದಕ್ಕೇನು. ಜೊತೆಗೆ ನಾಲ್ಕು ಮಾತೂ ಇದೆ. ತೂತು ಹೊಡೆಯುವ ಮುಂಚೆ ಕೇಳಿಸಿಕೊಂಡರೆ ಉಪಯೋಗ, ಆಮೇಲೆ ಕೇಳಿಸಿಕೊಂಡರೆ ಗಾರೆ ಕೆಲಸದವನಿಗೆ ದುಡ್ಡು.

ಅವತ್ತಿನ ಫಜೀತಿ ನೆನಪು ಮಾಡಿಕೋ. ಕಾರು ತೊಳೆದು, ಸೇವಂತಿಗೆ ಹಾರ ಹಾಕಿ, ಬಾಳೆಕಂದು ಕಟ್ಟಿ ಆಗಿತ್ತು. ಸೈಕಲ್ಲುಗಳಿಗೂ ಪೂಜೆ ಆಗಬೇಕು ಅಂತ ನಿಮ್ಮಮ್ಮ ಕೂತರು. ಕಾರಿನ ಮುಂದೆ, ಗೋಡೆಗೆ ಒತ್ತಿಕೊಂಡು ಐದು ಸೈಕಲ್ಲು. ಮೇಲಿನದನ್ನು ಎಳೆದರೆ ಅದರ ಪೆಡಲು ಪಕ್ಕದ್ದರ ಕಡ್ಡಿಯೊಳಗೆ, ಅದನ್ನು ಬಿಡಿಸೋಣ ಅಂದರೆ ನಿನ್ನ ಗೇರ್ ಸೈಕಲ್ಲಿನ ಬ್ರೇಕು ನಿನ್ನ ಹೆಂಡತಿ ಸೈಕಲ್ಲಿನ ಬುಟ್ಟಿಗೆ ಸಿಕ್ಕಿಕೊಂಡಿದೆ. ಹತ್ತು ನಿಮಿಷ ಒದ್ದಾಡಿ ಎಲ್ಲ ಈಚೆ ತರುವಷ್ಟರಲ್ಲಿ ಕಾರಿನ ಎಡಗಡೆ ಬಾಗಿಲ ಮೇಲೆ ಬೆರಳುದ್ದ ಗೀರು. ಆ ಗೀರಿನ ಮೇಲೆ ನೀನು ಅರಿಶಿನ ಬಳಿದು ಕುಂಕುಮದ ಬೊಟ್ಟು ಇಟ್ಟೆ. ಯಾರೂ ನೋಡಲಿಲ್ಲ ಅಂದುಕೊಂಡೆಯೇನೋ. ನಾನು ನೋಡಿದೆ.

ಜಾಗ ಇಲ್ಲ, ಜಾಗ ಇಲ್ಲ ಅಂತೀಯ. ಟೇಪು ಹಿಡಿದಿದ್ದೀಯಾ? ನಿಮ್ಮದು 30x40 ಸೈಟು, ಕಾರು ನಿಲ್ಲಿಸುವ ಜಾಗ ಅಗಲ 10 ಅಡಿ, ಉದ್ದ 18 ಅಡಿ. ನಾನು ಹೆಜ್ಜೆ ಹಾಕಿ ನೋಡಿಕೊಂಡೇ ಬಂದೆ. ನಿನ್ನ ಕಾರು ನಾಲ್ಕು ಮೀಟರಿಗೆ ಚೂರು ಕಮ್ಮಿ, ಅಂದರೆ 13 ಅಡಿ. ಅಗಲ ಆರು ಅಡಿಯೊಳಗೆ. ಉದ್ದದಲ್ಲಿ 5 ಅಡಿ ಉಳಿಯಿತು, ಅಗಲದಲ್ಲಿ 4 ಅಡಿ. ಆದರೆ ನೀನು ಕಾರನ್ನು ನಡುಮಧ್ಯ ನಿಲ್ಲಿಸುತ್ತೀಯ. ಮುಂದೆ ಎರಡೂವರೆ, ಹಿಂದೆ ಎರಡೂವರೆ, ಆ ಕಡೆ ಎರಡು, ಈ ಕಡೆ ಎರಡು. ನಾಲ್ಕೂ ಕಡೆ ಚೂರುಚೂರು ಜಾಗ, ಯಾವುದೂ ಕೆಲಸಕ್ಕೆ ಬರದ್ದು. ಕಾರನ್ನು ಒಳಗಡೆ ಗೋಡೆಗೆ ಒಂದಡಿ ಬಿಟ್ಟು ನಿಲ್ಲಿಸು. ಗೇಟಿನ ಹತ್ತಿರ 4 ಅಡಿ ಒಟ್ಟಿಗೆ ಸಿಗುತ್ತೆ. ಅಗಲ ಹತ್ತಡಿ ಇದ್ದೇ ಇದೆ. ಸೈಕಲ್ಲು ಉದ್ದ ಹೆಚ್ಚುಕಮ್ಮಿ 6 ಅಡಿ, ಹ್ಯಾಂಡಲ್ಲಿನ ಹತ್ತಿರ 2 ಅಡಿ ಅಗಲ. ಎರಡು ಸೈಕಲ್ಲು, ಒಂದರ ತಲೆ ಆ ಕಡೆ ಇನ್ನೊಂದರ ತಲೆ ಈ ಕಡೆ, ಅಡ್ಡಕ್ಕೆ ನಿಲ್ಲಿಸಿದರೆ ಮೂರಡಿಯಲ್ಲಿ ಆರಾಮಾಗಿ ನಿಲ್ಲುತ್ತವೆ. ಹ್ಯಾಂಡಲ್ಲಿಗೆ ಹ್ಯಾಂಡಲ್ಲು ತಗುಲುವುದೇ ಎಲ್ಲ ಜಗಳದ ಮೂಲ. ಹಿಂದುಮುಂದಾಗಿ ನಿಲ್ಲಿಸಿದರೆ ಅರ್ಧ ತೊಂದರೆ ಅಲ್ಲೇ ಕಳೀತು. ಕಾರು ತೆಗೆಯುವಾಗ ಅವನ್ನು ಸರಿಸಬೇಕಲ್ಲ ಅಂತೀಯಾ? ಕಾರು ಎಷ್ಟು ದಿನಕ್ಕೊಮ್ಮೆ ತೆಗೀತೀಯ ಹೇಳು. ಆಫೀಸಿಗೆ ಸ್ಕೂಟರು. ಕಾರು ಹೊರಗೆ ಬರುವುದು ವಾರಕ್ಕೊಂದು ಸಲ. ಆರು ದಿನ ಮಲಗಿರುವ ಗಾಡಿಗೆ ನೀನು ಇಡೀ ಅಂಗಳ ಬರೆದುಕೊಟ್ಟು, ದಿನಾ ಓಡುವ ಗಾಡಿಗಳನ್ನು ಅದರ ಬೆನ್ನ ಹಿಂದೆ ಬಚ್ಚಿಟ್ಟಿದ್ದೀಯ.

ಯಾವ ಸೈಕಲ್ಲು ದಿನಾ ಓಡುತ್ತೆ ಅಂತ ನೋಡಿದ್ದೀಯಾ? ನಿನ್ನ ಗೇರ್ ಸೈಕಲ್ಲು 2020ರ ಲಾಕ್‌ಡೌನಿನಲ್ಲಿ ಬಂತು. ಆಗ ದಿನಾ ಚಾಮುಂಡಿ ಬೆಟ್ಟ ಹತ್ತುತ್ತಿದ್ದೆ, ಈಗ ಭಾನುವಾರ ಮಳೆ ಇಲ್ಲದಿದ್ದರೆ ಹೋಗ್ತೀಯ. ನಿನ್ನ ಹೆಂಡತಿ ವಾರಕ್ಕೆರಡು ಸಲ ತರಕಾರಿಗೆ. ಮಗಳು ಸಂಜೆ ಬೀದಿಯಲ್ಲಿ ಸುತ್ತು ಹೊಡೀತಾಳೆ. ಮಗ ಪುಟ್ಟನ 16 ಇಂಚಿನದು ಅವನ ಮೊಣಕಾಲು ಹ್ಯಾಂಡಲ್ಲಿಗೆ ತಗುಲುವಷ್ಟು ಚಿಕ್ಕದಾಗಿ ವರ್ಷವಾಯಿತು. ಬೆಳಗಿನ ಜಾವ ಐದೂವರೆಗೆ, ಮಳೆ ಇರಲಿ ಚಳಿ ಇರಲಿ, ಹಾಲಿಗೆ ಅಂತ ಹೊರಡುತ್ತಿದ್ದುದು ನಿಮ್ಮಪ್ಪನ ಸೈಕಲ್ಲು. 1974ರಲ್ಲಿ ನಮ್ಮಕ್ಕನ ಮದುವೆಗೆ ನಮ್ಮಪ್ಪ ಕೊಟ್ಟ 28 ಇಂಚಿನ ಗಾಡಿ, ಲೈಸೆನ್ಸ್ ಬಿಲ್ಲೆ ಇನ್ನೂ ಅದರ ಮೇಲಿದೆ. ಹಳೇದು ಅಂತ ನೀನು ಅದನ್ನು ಎಲ್ಲಕ್ಕಿಂತ ಹಿಂದೆ, ಮೂಲೆಗೆ ತಳ್ಳಿದ್ದೀಯ. 'ಎರಡು ತಿಂಗಳಿಂದ ನಡೆದೇ ಹೋಗಿ ಬರ್ತೀನಿ, ವಾಕಿಂಗ್ ಒಳ್ಳೇದಂತೆ' ಅಂದರು ಭಾವ. ನಾನು ಅವರ ಕಾಲು ನೋಡಿದೆ. ಮೊಣಕಾಲ ಕೆಳಗೆ ಎರಡು ಕಡೆ ಪೆಡಲು ತಾಗಿದ ಗಾಯದ ಕಲೆ ಇದೆ. ಕತ್ತಲಲ್ಲಿ ನಾಲ್ಕು ಸೈಕಲ್ಲು ದಾಟಿಸಿ ತಮ್ಮದನ್ನು ಎತ್ತಿ ತರೋಕೆ ನೋಡಿ, ಆಗದೆ ಬಿಟ್ಟಿದ್ದಾರೆ. ಆ ಗಾಡಿ 20 ಕೇಜಿಗೆ ಕಮ್ಮಿ ಇಲ್ಲ, ಅವರಿಗೆ 76. ಅವರು ಇದನ್ನು ನಿನ್ನ ಹತ್ತಿರ ಹೇಳುವವರಲ್ಲ, ನಾನು ಹೇಳಿದೆ ಅಂತಲೂ ಹೇಳಬೇಡ.

ನಿನ್ನ ತಂಗಿ ಯುಟ್ರೆಕ್ಟ್‌ನಿಂದ ಫೋಟೊ ಕಳಿಸಿದ್ದಳಲ್ಲ, ರೈಲ್ವೆ ಸ್ಟೇಷನ್ನಿನ ಕೆಳಗೆ 12,500 ಸೈಕಲ್ಲು ನಿಲ್ಲಿಸುವ ಜಾಗ. 2019ರಲ್ಲಿ ಪೂರ್ತಿಯಾದದ್ದು. ಅಲ್ಲಿ ಸಾಲುಸಾಲಾಗಿ ಎರಡು ಅಂತಸ್ತು, ಮೇಲಿನ ಅಂತಸ್ತಿನ ತಟ್ಟೆ ಈಚೆಗೆ ಜಾರಿ ಬಾಗುತ್ತೆ, ಸೈಕಲ್ಲು ಏರಿಸಿ ತಳ್ಳಿದರೆ ಆಯಿತು. ಅಷ್ಟು ಸುಲಭ ಮಾಡಿಕೊಟ್ಟರೂ ಜನ ಮೊದಲು ಹುಡುಕುವುದು ಕೆಳಗಿನ ಸಾಲನ್ನೇ ಅಂತ ಅವಳೇ ಹೇಳಿದಳು. ಎತ್ತಬೇಕಾದ ಸೈಕಲ್ಲನ್ನು ಮನುಷ್ಯ ಎರಡನೇ ಸಲ ಯೋಚನೆ ಮಾಡಿ ಮುಟ್ಟುತ್ತಾನೆ. ನಮ್ಮನೇಲೂ ಅದೇ ಕಥೆ. ನನ್ನ ಮಗನ ಸೈಕಲ್ಲು ಚಾವಣಿಗೆ ಏರಿದ್ದು ಅವನು ಪಿಯುಸಿಯಲ್ಲಿದ್ದಾಗ, ಇಳಿದದ್ದು ಗುಜರಿಯವನು ಬಂದಾಗ.

ಆದ್ದರಿಂದ ಗೇಟಿನ ಹತ್ತಿರದ ಜಾಗ ನಿಮ್ಮಪ್ಪನ ಸೈಕಲ್ಲಿಗೆ ಮತ್ತು ಮಗಳದಕ್ಕೆ. ಅವರದು ಈಚೆ, ಅವಳದು ಒಳಗೆ. ನೇತುಹಾಕುವುದಾದರೆ ನಿನ್ನದೊಂದೇ ನೇತುಹಾಕು. ಅದು ಗೇಟಿಗೆ ಹತ್ತಿರವಾಗಿ ಎಡಗಡೆ ಗೋಡೆ ಮೇಲೆ, ಅದರ ಕೆಳಗೆ ನಿನ್ನ ಹೆಂಡತಿ ಸೈಕಲ್ಲು. ಮನೆಯವರನ್ನು ಹೊರಗೇ ಇಳಿಸಿ ಆಮೇಲೆ ಕಾರು ಒಳಗೆ ಹಾಕಿದರೆ ಎಡಗಡೆ ಬಾಗಿಲು ತೆರೆಯುವ ಗೊಡವೆಯೇ ಇಲ್ಲ.

ನೇತುಹಾಕುವುದರಲ್ಲಿ ಎಲ್ಲರೂ ಎಡವುವ ಒಂದು ಲೆಕ್ಕ ಇದೆ. ಅಂಗಡಿಯಲ್ಲಿ ಒಂದು ಕೊಕ್ಕೆ ತೋರಿಸುತ್ತಾರೆ, ಮುಂದಿನ ಚಕ್ರ ಸಿಕ್ಕಿಸಿದರೆ ಸೈಕಲ್ಲು ಗೋಡೆಗೆ ಲಂಬವಾಗಿ ನಿಲ್ಲುತ್ತೆ. ಎರಡಡಿ ಅಗಲದಲ್ಲಿ ಒಂದು ಸೈಕಲ್ಲು ಮುಗೀತು ಅಂತ ಖುಷಿಯಾಗುತ್ತೆ. ಆದರೆ ಗೋಡೆಯಿಂದ ಈಚೆಗೆ ಎಷ್ಟು ಬರುತ್ತೆ? ಸೈಕಲ್ಲಿನ ಎತ್ತರ ಎಷ್ಟೋ ಅಷ್ಟು, ಅಂದರೆ ಮೂರೂವರೆ ಅಡಿ. ನಿನ್ನ ಎಡಗಡೆ ಇರುವುದು ಎರಡೇ ಅಡಿ. ಹ್ಯಾಂಡಲ್ಲು ನೇರವಾಗಿ ಕಾರಿನ ಗಾಜಿಗೆ. ದೊಡ್ಡ ಶೆಡ್ಡು ಇದ್ದವರಿಗೆ ಅದು ಸರಿ. ಅವರೂ ಕೊಕ್ಕೆಗಳನ್ನು ಒಂದು ಮೇಲೆ ಒಂದು ಕೆಳಗೆ, ಅರ್ಧ ಪೌಣ ಅಡಿ ವ್ಯತ್ಯಾಸದಲ್ಲಿ ಹೊಡೆದರೆ ಹ್ಯಾಂಡಲ್ಲುಗಳು ಒಂದರೊಳಗೊಂದು ಹೋಗುತ್ತವೆ. ನಿನಗೆ ಬೇಕಾದ್ದು ಗೋಡೆಗೆ ಸಮಾನಾಂತರವಾಗಿ ಮಲಗಿದಂತೆ ತೂಗುವ ಎರಡು ಕೈ, ಮೇಲಿನ ಪೈಪು ಅದರ ಮೇಲೆ ಕೂರಬೇಕು. ಆಗ ಈಚೆಗೆ ಬರುವುದು ಅರ್ಧ ಹ್ಯಾಂಡಲ್ಲು ಅಷ್ಟೇ, ಒಂದೂವರೆ ಅಡಿ. ಚಕ್ರದ ತಳ ನೆಲದಿಂದ 4 ಅಡಿ ಮೇಲಿರಲಿ, ಕೆಳಗಿನ ಸೈಕಲ್ಲಿನ ಹ್ಯಾಂಡಲ್ಲು ತಪ್ಪುತ್ತೆ. ಆ ಕೈಗಳನ್ನು ಅಂಗಡಿಯಲ್ಲೇ ಕೊಳ್ಳಬೇಕು ಅಂತಿಲ್ಲ, ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿದರೆ ಬಾಗಿಸಿ ಕೊಡ್ತಾರೆ. ಪಂಕ್ಚರ್ ಅಂಗಡಿಯಿಂದ ಹಳೇ ಟ್ಯೂಬು ತಂದು ಸುತ್ತು, ಪೇಂಟು ಹೋಗುವುದಿಲ್ಲ. ಬ್ರೇಕು ಗೇರಿನ ತಂತಿ ಪೈಪಿನ ಕೆಳಗೆ ಹೋಗಿದ್ದರೆ ಕೊಕ್ಕೆ ಅದನ್ನು ಒತ್ತದ ಹಾಗೆ ನೋಡಿಕೋ.

ಇನ್ನು ಗೋಡೆ. ಇದರಲ್ಲಿ ನನ್ನ ಮಾತು ಕೇಳು, ಯಾಕೆಂದರೆ ನಾನು ಕೆಟ್ಟು ಕಲಿತದ್ದು. ಮೂವತ್ತು ವರ್ಷ ವರ್ಕ್‌ಶಾಪಿನಲ್ಲಿ ಫಿಟ್ಟರು, ನನಗೇನು ಹೇಳೋದು ಅನ್ನುವ ಜಂಬ. ನಮ್ಮನೆ ಪಕ್ಕದ ಗೋಡೆಗೆ ಮರದ ಬಿರಡೆ ಹೊಡೆದು, ಸ್ಕ್ರೂ ತಿರುಗಿಸಿ, ಸೈಕಲ್ಲು ನೇತುಹಾಕಿ ಊಟ ಮಾಡಿ ಮಲಗಿದೆ. ರಾತ್ರಿ ಎರಡು ಗಂಟೆಗೆ ಸಿಡಿಲು ಹೊಡೆದ ಹಾಗೆ ಸದ್ದು. ಬೀದಿಯ ನಾಯಿಗಳೆಲ್ಲ ಎದ್ದವು. ಸೈಕಲ್ಲು, ಕೊಕ್ಕೆ, ಗೋಡೆಯ ಅಂಗೈಯಗಲ ಸಿಪ್ಪೆ ಎಲ್ಲ ಒಟ್ಟಿಗೆ ಸ್ಕೂಟರಿನ ಹೆಡ್‌ಲೈಟಿನ ಮೇಲೆ. ಅದು ಹಾಲೋ ಬ್ಲಾಕ್ ಗೋಡೆ. ಒಳಗೆ ಟೊಳ್ಳು, ಬಿರಡೆ ಹಿಡಿದಿದ್ದದ್ದು ಪ್ಲಾಸ್ಟರನ್ನು ಮತ್ತು ಬೆರಳಗಲದ ಬ್ಲಾಕಿನ ಚಿಪ್ಪನ್ನು. ಮಾರನೇ ದಿನ ಎರಡು ಪಿಲ್ಲರಿಗೆ ಅಡ್ಡವಾಗಿ ಒಂದು ದಪ್ಪ ಹಲಗೆ ಹೊಡೆದು, ಕೊಕ್ಕೆ ಹಲಗೆಗೆ ಹಾಕಿದೆ. ಇವತ್ತಿಗೂ ಅಲ್ಲಾಡಿಲ್ಲ.

ಗೋಡೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡು. ಡೊಬ್ ಡೊಬ್ ಅಂದರೆ ಹತ್ತಿರ ಹೋಗಬೇಡ. ಟಣ್ ಅಂತ ಬಿಗಿಯಾಗಿ ಬಂದರೆ ಪಿಲ್ಲರೋ ಬೀಮೋ ಸಾಲಿಡ್ ಬ್ಲಾಕೋ ಇರುತ್ತೆ. ಪಿಲ್ಲರಿನ ಅಂಚಿನಿಂದ ನಾಲ್ಕು ಇಂಚು ಒಳಗೆ ಹೊಡೆ, ಮೂಲೆಯಲ್ಲಿ ಹೊಡೆದರೆ ಚಕ್ಕೆ ಏಳುತ್ತೆ. 10 ಎಂಎಂ ಆಂಕರ್ ಬೋಲ್ಟು, ಪ್ಲಾಸ್ಟರು ಬಿಟ್ಟು ಒಳಗೆ ಕಡೇಪಕ್ಷ ಎರಡು ಇಂಚು ಹೋಗಬೇಕು. ಪ್ಲಾಸ್ಟರು ಅರ್ಧ ಇಂಚು ದಪ್ಪ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ತೂತಿನಲ್ಲಿ ಪುಡಿ ಉಳಿದರೆ ಬೋಲ್ಟು ಹಿಡಿಯುವುದಿಲ್ಲ. ಸೈಕಲ್ ಪಂಪು ತಗೊಂಡು ನಾಲ್ಕು ಸಲ ಗಾಳಿ ಹೊಡೆ, ಕಣ್ಣು ಮುಚ್ಚಿಕೊಂಡು. ಇಟ್ಟಿಗೆ ಗೋಡೆಯಾದರೆ ಬೋಲ್ಟನ್ನು ಶಕ್ತಿ ಇದೆ ಅಂತ ತಿರುಗಿಸುತ್ತಾ ಹೋಗಬೇಡ, ಇಟ್ಟಿಗೆ ಒಳಗೇ ಸೀಳುತ್ತೆ. ಎಲ್ಲ ಆದಮೇಲೆ ಸೈಕಲ್ಲು ಹಾಕುವ ಮುಂಚೆ ಎರಡು ತುಂಬಿದ ಬಕೆಟ್ಟು ನೇತುಹಾಕಿ ಒಂದು ರಾತ್ರಿ ಬಿಡು. ಮೂವತ್ತು ಕೇಜಿ ತಡೆದ ಕೊಕ್ಕೆ ನಿನ್ನ ಹದಿನೈದು ಹದಿನಾರು ಕೇಜಿ ಸೈಕಲ್ಲನ್ನು ತಡೆಯುತ್ತೆ. ಸ್ವಿಚ್ ಬೋರ್ಡಿನ ನೇರಕ್ಕೆ, ಮೇಲೂ ಬೇಡ ಕೆಳಗೂ ಬೇಡ, ವೈರಿನ ಪೈಪು ಅಲ್ಲೇ ಹೋಗಿರುತ್ತೆ.

ಚಾವಣಿಗೆ ರಾಟೆ ಹಾಕಿ ಹಗ್ಗದಲ್ಲಿ ಎಳೆಯುವ ವೀಡಿಯೊ ನನಗೂ ಕಳಿಸಿದ್ದೆ. ಚೆನ್ನಾಗಿದೆ, ನೋಡೋಕೆ. ಮೋಲ್ಡಿನೊಳಗೆ ಲೈಟಿನ ಪೈಪು ಎಲ್ಲಿ ಓಡಿದೆ ನಿನಗೆ ಗೊತ್ತಾ? ನನಗೂ ಗೊತ್ತಿಲ್ಲ. ಕೆಳಗೆ ಕಾರು ಬೇರೆ. ಬೇಡ ಬಿಡು.

ಎಲ್ಲ ಸೈಕಲ್ಲೂ ನೇತುಹಾಕುವ ಜಾತಿಯಲ್ಲ. ನಿಮ್ಮಪ್ಪನದಕ್ಕೆ ಪೂರ್ತಿ ಮಡ್‌ಗಾರ್ಡು, ಚೈನ್ ಕವರು, ಕ್ಯಾರಿಯರು. ಚಕ್ರದಲ್ಲಿ ಎತ್ತಿ ನಿಲ್ಲಿಸಿದರೆ ಭಾರವೆಲ್ಲ ಹಿಂದಿನ ಮಡ್‌ಗಾರ್ಡಿನ ಮೇಲೆ ಬಿದ್ದು ಸೊಟ್ಟಗಾಗುತ್ತೆ. ಜಾಗ ಉಳಿಸೋಕೆ ಹ್ಯಾಂಡಲ್ಲಿನ ಬೋಲ್ಟು ಸಡಿಲಿಸಿ ತಿರುಗಿಸೋಣ ಅಂದರೆ ಅದು ತಂತಿ ಬ್ರೇಕಲ್ಲ, ಕಂಬಿ ಬ್ರೇಕು, ಬಗ್ಗಿಹೋಗುತ್ತೆ. ನಿನ್ನ ಹೆಂಡತಿಯದಕ್ಕೆ ಮೇಲಿನ ಪೈಪೇ ಇಲ್ಲ, ಕೊಕ್ಕೆಗೆ ಕೂರಿಸುವುದು ಎಲ್ಲಿ? ನಿನ್ನದರ ಪೆಡಲು ಕಾರಿಗೆ ತಾಗುತ್ತೆ ಅನ್ನಿಸಿದರೆ ಎಡಗಡೆಯದನ್ನು ಬಿಚ್ಚಿಡು. ನೆನಪಿರಲಿ, ಎಡ ಪೆಡಲಿನ ಮರೆ ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತೆ. ನಮ್ಮ ವರ್ಕ್‌ಶಾಪಿಗೆ ಹೊಸದಾಗಿ ಬಂದ ಹುಡುಗರಿಗೆ ಮೊದಲ ದಿನ ಕೊಡುತ್ತಿದ್ದ ಪರೀಕ್ಷೆ ಇದೇ.

ಮೆಟ್ಟಿಲ ಕೆಳಗಿನ ಜಾಗ ಖಾಲಿ ಇದೆಯಲ್ಲ ಅಂತ ನಿನ್ನ ಹೆಂಡತಿ ಅಂದಳು. ಅಲ್ಲಿ ಯುಪಿಎಸ್ ಬ್ಯಾಟರಿ ಇದೆ. ಅದರ ಆಸಿಡ್ ಹಬೆಗೆ ಚೈನು, ರಿಮ್ಮು ಎಲ್ಲ ತುಕ್ಕು ಹಿಡಿಯುತ್ತೆ. ಬೇಕಿದ್ದರೆ ದಸರಾ ಗೊಂಬೆ ಪೆಟ್ಟಿಗೆ ಇಡಿ ಅನ್ನೋಣ ಅಂದರೆ ಅದಕ್ಕೂ ಆ ಹಬೆ ಆಗದು. ಈ ಗೊಂಬೆ ಪೆಟ್ಟಿಗೆ, ಪೇಂಟ್ ಡಬ್ಬ, ಉಳಿದ ಟೈಲ್ಸು, ಆ ಖಾಲಿ ಟೀವಿ ರಟ್ಟಿನ ಡಬ್ಬ, ಇವೆಲ್ಲ ಈಗ ಎಡಗಡೆ ಗೋಡೆ ಹಿಡಿದಿವೆ. ಕಾರಿನ ಬಾನೆಟ್ಟಿನ ಮೇಲೆ ಗೋಡೆಗೆ ಒಂದು ಸ್ಟ್ಯಾಂಡು ಹೊಡೆಸಿದರೆ ಅಷ್ಟೂ ಅಲ್ಲಿ ಕೂರುತ್ತವೆ. ಟೀವಿ ಡಬ್ಬ ಮಾತ್ರ ಎಸೆದುಬಿಡಪ್ಪ, ಇಲಿ ಗೂಡು ಕಟ್ಟೋದೇ ಅದರೊಳಗೆ.

ಓಡಿಸದ ಸೈಕಲ್ಲನ್ನು ಗಾಳಿ ಇಳಿದ ಟೈರಿನ ಮೇಲೆ ತಿಂಗಳುಗಟ್ಟಲೆ ನಿಲ್ಲಿಸಬೇಡ, ಪಕ್ಕದಲ್ಲಿ ಬಿರುಕು ಬಿಡುತ್ತೆ. ಪ್ಲಾಸ್ಟಿಕ್ ಹೊದಿಕೆ ಬಿಗಿಯಾಗಿ ಸುತ್ತಬೇಡ, ಮಳೆಗಾಲದಲ್ಲಿ ಒಳಗೇ ಬೆವರಿ ತುಕ್ಕು ಏಳುತ್ತೆ. ಹಳೇ ಬೆಡ್‌ಶೀಟು ಸಾಕು. ಬ್ಯಾಟರಿ ಸೈಕಲ್ಲು ಕೊಳ್ಳುವ ಆಸೆ ಇದೆ ಅಂದೆಯಲ್ಲ, ಅದು ನಿಮ್ಮಪ್ಪನದಷ್ಟೇ ಭಾರ, ಗೋಡೆಗೆ ಏರಿಸುವ ಯೋಚನೆ ಬಿಡು. ಬ್ಯಾಟರಿ ಬಿಚ್ಚುವಂಥದ್ದನ್ನೇ ನೋಡು, ಬಿಸಿಲು ಬೀಳದ ಕಡೆ ಇಡೋಕೆ ಸುಲಭ.

ಪುಟ್ಟನ 16 ಇಂಚಿನದಕ್ಕೆ ಟ್ಯೂಬು ಹಾಕಿಸಿ ನಿಮ್ಮನೆ ಕೆಲಸಕ್ಕೆ ಬರುವ ಆಯಮ್ಮನ ಮೊಮ್ಮಗನಿಗೆ ಕೊಡು. ಪಂಕ್ಚರ್ ಆದದ್ದನ್ನು ಹಾಗೇ ಕೊಡಬೇಡ.

ಭಾನುವಾರ ಒಂಬತ್ತಕ್ಕೆ ನಾನೇ ಮಷೀನು ತಗೊಂಡು ಬರ್ತೀನಿ, 10 ಎಂಎಂ ಬಿಟ್ಟು ನನ್ನ ಹತ್ತಿರ ಇದೆ, ಬೋಲ್ಟು ನೀನು ತಂದಿಡು. ಕೊಕ್ಕೆ ಕೆಲಸ ಆಮೇಲಾಯಿತು. ಶನಿವಾರ ಸಂಜೆಯೇ ನಿಮ್ಮಪ್ಪನ ಸೈಕಲ್ಲು ಈಚೆ ತೆಗೆದು ಗೇಟಿನ ಹತ್ತಿರ ನಿಲ್ಲಿಸಿರು. ಹಿಂದಿನ ಚಕ್ರದಲ್ಲಿ ಗಾಳಿ ಪೂರ್ತಿ ಇಳಿದಿದೆ, ವಾಲ್ ಟ್ಯೂಬು ಹೋಗಿರಬೇಕು. ಒಂದೆರಡು ಇಂಚು ತುಂಡು ತಂದರೆ ಸಾಕು.