ಸ್ಕೋಪಿನ ಕರಿ ಕ್ಲಿಪ್ ಎಲ್ಲಿಗೆ ಹಾಕ್ತೀರ?

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹುಡುಗರು ಒಂದು ಟೀಮ್‌ನಲ್ಲಿ ಸೇರಿದರೆ ಮಿನಿ ಪ್ರಾಜೆಕ್ಟ್ ಏನು ಅಂತ ಕೇಳೋದೇ ಬೇಡ, ತಂಬಾಕು ಬ್ಯಾರನ್ನಿನ ಟೆಂಪರೇಚರ್ ಮಾನಿಟರ್. ಅದಕ್ಕೆ ಕಾರಣವೂ ಇದೆ. ವರ್ಜೀನಿಯಾ ಸೊಪ್ಪು ಹಳದಿಗೆ ತಿರುಗುವ ಹಂತದಲ್ಲಿ ಒಳಗಿನ ಶಾಖ 35 ಡಿಗ್ರಿ ಆಸುಪಾಸು ಇರಬೇಕು, ಕೊನೆಗೆ ದಂಟು ಒಣಗೋ ಹೊತ್ತಿಗೆ 70ರ ಹತ್ತಿರ ಬರಬೇಕು. ನಡುವೆ ಹದ ತಪ್ಪಿದರೆ ಹರಾಜು ಮಾರುಕಟ್ಟೆಯಲ್ಲಿ ರೇಟ್ ಬೀಳುತ್ತೆ. ಅದಕ್ಕೇ ಮನೆಯವರು ಸರದಿ ಮೇಲೆ ರಾತ್ರಿಯೆಲ್ಲ ಎದ್ದು ಒಲೆ ನೋಡ್ತಾರೆ.

ಪ್ರಾಜೆಕ್ಟ್ ಸುಲಭವಾಗೇ ಕಾಣುತ್ತೆ. ಒಂದು ಇಎಸ್‌ಪಿ32 ಬೋರ್ಡ್, ಒಂದು ಡಿಎಸ್18ಬಿ20 ಸೆನ್ಸರ್, 4.7 ಕಿಲೋ ಓಮ್‌ನ ಪುಲ್‌ಅಪ್ ರೆಸಿಸ್ಟರ್. ಟೇಬಲ್ ಮೇಲೆ ಸರಿಯಾಗಿ ಓಡುತ್ತೆ. ಬ್ಯಾರನ್ ಒಳಗೆ ಬಿಡೋಕೆ ಅಂತ ಹದಿನೈದು ಮೀಟರ್ ವೈರ್ ಹಾಕಿದ ತಕ್ಷಣ ಸ್ಕ್ರೀನ್ ಮೇಲೆ −127 ಅಥವಾ 85 ಅಂತ ಬರೋಕೆ ಶುರು. −127 ಅಂದ್ರೆ ಸೆನ್ಸರ್ ಸಿಗ್ತಿಲ್ಲ ಅಂತ ಲೈಬ್ರರಿ ಹೇಳ್ತಿದೆ. 85 ಅಂದ್ರೆ ಸೆನ್ಸರ್ ಆನ್ ಆಗಿದೆ, ಇನ್ನೂ ಅಳತೆ ಮಾಡಿಲ್ಲ. ಉದ್ದ ವೈರಿನ ಕೆಪ್ಯಾಸಿಟೆನ್ಸ್‌ನಿಂದ ಸಿಗ್ನಲ್ ನಿಧಾನಕ್ಕೆ ಏರ್ತಿದೆಯಾ ಅಂತ ತಿಳಿಯೋಕೆ ಕೋಡ್ ತಿದ್ದಿ ಪ್ರಯೋಜನ ಇಲ್ಲ, ವೇವ್‌ಫಾರ್ಮನ್ನೇ ನೋಡಬೇಕು. ಹಾಗಾಗಿ ಆಸಿಲೋಸ್ಕೋಪ್ ಬೇಕು. ಬೋರ್ಡ್ ಕಂಪ್ಯೂಟರಿನ ಯುಎಸ್‌ಬಿಯಿಂದ ಓಡ್ತಿರುತ್ತೆ, ಸ್ಕೋಪ್ ಪಕ್ಕದಲ್ಲೇ ಇರುತ್ತೆ. ತೊಂದರೆ ಬರೋದು ಇಲ್ಲೇ.

ಮಲ್ಟಿಮೀಟರ್ ಬಳಸಿ ಅಭ್ಯಾಸ ಆದ ಕೈಗೆ ಪ್ರೋಬ್ ಅಂದ್ರೆ ಎರಡು ತುದಿ, ಎಲ್ಲಿ ಬೇಕಾದರೂ ಇಡಬಹುದು ಅನ್ಸುತ್ತೆ. ಸ್ಕೋಪ್ ಹಾಗಲ್ಲ. ಅದರ ಮೂರು ಪಿನ್ ಪ್ಲಗ್ಗಿನಲ್ಲಿ ದಪ್ಪಗೆ, ಉದ್ದಕ್ಕೆ ಇರೋ ಪಿನ್ನೇ ಅರ್ಥ್. ಅದು ಸ್ಕೋಪಿನ ಬಾಡಿಗೆ ಸೇರಿದೆ, ಬಾಡಿ ಬಿಎನ್‌ಸಿ ಸಾಕೆಟ್ಟಿನ ಹೊರಗಿನ ಬಳೆಗೆ ಸೇರಿದೆ, ಅಲ್ಲಿಂದ ನೇರ ಪ್ರೋಬಿನ ಕರಿ ಕ್ಲಿಪ್ಪಿಗೆ. ಕರಿ ಕ್ಲಿಪ್ ಹಾಕಿದ ಜಾಗವನ್ನ ನೀವು ಕಟ್ಟಡದ ಅರ್ಥಿಗೆ ಕಟ್ಟಿದ ಹಾಗೆ. ನಂಬಿಕೆ ಬರದಿದ್ರೆ ಸ್ಕೋಪಿನ ಪ್ಲಗ್ ಕಿತ್ತಿಟ್ಟು, ಕ್ಲಿಪ್ಪಿಗೂ ಅರ್ಥ್ ಪಿನ್ನಿಗೂ ಮಲ್ಟಿಮೀಟರಿನಲ್ಲಿ ಕಂಟಿನ್ಯುಟಿ ನೋಡಿ. ಬೀಪ್ ಅನ್ನುತ್ತೆ.

ಲ್ಯಾಬಿನ ಡೆಸ್ಕ್‌ಟಾಪ್ ಕಥೆಯೂ ಇದೇ. ಅದರ ಪವರ್ ಸಪ್ಲೈ ಬಾಡಿ ಅರ್ಥಿಗೆ ಸೇರಿರುತ್ತೆ, ಯುಎಸ್‌ಬಿಯ ಗ್ರೌಂಡ್ ಆ ಬಾಡಿಗೇ ಸೇರಿರುತ್ತೆ. ಅಂದ್ರೆ ಕ್ಲಿಪ್ ಹಾಕೋಕೆ ಮೊದಲೇ ನಿಮ್ಮ ಬೋರ್ಡಿನ ಗ್ರೌಂಡೂ ಸ್ಕೋಪಿನ ಕ್ಲಿಪ್ಪೂ ಗೋಡೆ ಒಳಗಿನ ವೈರಿನ ಮೂಲಕ ಒಂದೇ ಆಗಿವೆ.

ಕ್ಲಿಪ್ ಗ್ರೌಂಡಿಗೇ ಹಾಕಿದ್ರೆ ತೊಂದರೆ ಇಲ್ಲ, ಸ್ವಲ್ಪ 50 ಹರ್ಟ್ಜ್ ಗಲೀಜು ಕಾಣಬಹುದು ಅಷ್ಟೇ. ಆದರೆ ವೈಫೈ ಆನ್ ಆದಾಗ ಬೋರ್ಡ್ ಎಷ್ಟು ಕರೆಂಟ್ ಎಳೆಯುತ್ತೆ ನೋಡೋಣ ಅಂತ 5 ವೋಲ್ಟ್ ವೈರಿನಲ್ಲಿ 1 ಓಮ್ ರೆಸಿಸ್ಟರ್ ಹಾಕಿ, ಅದರ ಒಂದು ಕಡೆ ತುದಿ, ಇನ್ನೊಂದು ಕಡೆ ಕ್ಲಿಪ್ ಇಟ್ಟಿರಿ ಅಂದ್ಕೊಳ್ಳಿ. 5 ವೋಲ್ಟ್ ಕ್ಲಿಪ್ಪಿಗೆ, ಅಲ್ಲಿಂದ ಸ್ಕೋಪಿನ ಬಾಡಿಗೆ, ಅರ್ಥಿಗೆ, ಕಂಪ್ಯೂಟರ್ ಬಾಡಿಗೆ, ವಾಪಸ್ ಯುಎಸ್‌ಬಿ ಗ್ರೌಂಡಿಗೆ. ಆ ದಾರಿಯ ರೆಸಿಸ್ಟೆನ್ಸ್ ಎಲ್ಲ ಸೇರಿ 1 ಓಮ್ ಇದ್ದರೂ ಲೆಕ್ಕದ ಪ್ರಕಾರ 5 ಆಂಪಿಯರ್! ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿ ಆಂಪಿಯರ್. ಅದೃಷ್ಟ ಇದ್ರೆ ಪೋರ್ಟ್ ತಾನೇ ಆಫ್ ಆಗುತ್ತೆ. ಆರ್ಡುಯಿನೋ ಊನೋದಲ್ಲಿ ತಾನೇ ಸರಿಹೋಗುವ 500 ಮಿಲಿ ಆಂಪಿಯರ್ ಫ್ಯೂಸ್ ಇದೆ, ಅದನ್ನ ದಾಟಿದ ಮೇಲೆ ಕ್ಲಿಪ್ ಹಾಕಿದ್ರೆ ಅದೂ ಸಹಾಯ ಮಾಡುತ್ತೆ. ಅಗ್ಗದ ಬೋರ್ಡುಗಳ ಮೇಲೆ ಅಷ್ಟು ಭರವಸೆ ಇಡಬೇಡಿ. ಅಪ್ಪ ಸೊಪ್ಪು ಮಾರಿದ ದುಡ್ಡಲ್ಲಿ ಕೊಡಿಸಿದ ಲ್ಯಾಪ್‌ಟಾಪಿನ ಪೋರ್ಟ್ ಸತ್ತರೆ ಬದಲಾಯಿಸೋದು ಅಷ್ಟು ಸುಲಭ ಅಲ್ಲ.

ಸರಿಯಾದ ದಾರಿ ಹೀಗೆ. ಎರಡು ಪ್ರೋಬ್ ತಗೊಳ್ಳಿ, ಎರಡರ ಕ್ಲಿಪ್ಪನ್ನೂ ಬೋರ್ಡಿನ ಗ್ರೌಂಡಿಗೆ ಹಾಕಿ. ಒಂದರ ತುದಿ ರೆಸಿಸ್ಟರಿನ ಈ ಕಡೆ, ಇನ್ನೊಂದು ಆ ಕಡೆ. ಎರಡೂ ಚಾನೆಲ್ ಒಂದೇ ವೋಲ್ಟ್ಸ್ ಪರ್ ಡಿವಿಷನ್‌ಗೆ ಇಟ್ಟು, ಮ್ಯಾಥ್ ಮೆನುವಿನಲ್ಲಿ ಚಾನೆಲ್ 1 ಮೈನಸ್ ಚಾನೆಲ್ 2 ಹಾಕಿ. ಒಂದು ಮಾತು: ಎರಡು ಚಾನೆಲ್ಲಿನ ಕ್ಲಿಪ್ಪುಗಳೂ ಒಳಗೆ ಒಂದೇ ತಂತಿ. ಎರಡನ್ನ ಬೇರೆ ಬೇರೆ ಜಾಗಕ್ಕೆ ಹಾಕಿದ್ರೆ ಆ ಎರಡು ಜಾಗ ಶಾರ್ಟ್, ಬ್ಯಾಟರಿ ಸರ್ಕ್ಯೂಟ್ ಆದರೂ ಅಷ್ಟೇ.

ಲ್ಯಾಪ್‌ಟಾಪ್ ವಿಷಯ ಸ್ವಲ್ಪ ಗೋಜಲು. ಮೂರು ಪಿನ್ ಅಡಾಪ್ಟರ್ ಆದರೆ ಎಷ್ಟೋ ಮಾಡೆಲ್ಲಿನಲ್ಲಿ ಗ್ರೌಂಡ್ ಅರ್ಥಿಗೆ ಸೇರಿರುತ್ತೆ, ಡೆಸ್ಕ್‌ಟಾಪ್ ಅಂತಲೇ ತಿಳಿದು ನಡ್ಕೊಳ್ಳಿ. ಎರಡು ಪಿನ್ ಅಡಾಪ್ಟರ್ ಆದರೆ ಗ್ರೌಂಡ್ ತೇಲ್ತಾ ಇರುತ್ತೆ, ಆದರೆ ಅಡಾಪ್ಟರ್ ಒಳಗಿನ ಸಣ್ಣ ಕೆಪ್ಯಾಸಿಟರ್ ಮೂಲಕ ಮೇನ್ಸ್ ಸ್ವಲ್ಪ ಸೋರುತ್ತೆ. ಲೋಹದ ಬಾಡಿ ಮೇಲೆ ಕೈ ಸವರಿದ್ರೆ ಜುಮ್ ಅನ್ನೋದು ಅದೇ. ಕರೆಂಟ್ ಒಂದು ಮಿಲಿ ಆಂಪಿಯರಿಗಿಂತ ಕಡಿಮೆ, ಮನುಷ್ಯರಿಗೆ ಏನೂ ಆಗಲ್ಲ. ಆದರೆ ಪ್ರೋಬಿನ ತುದಿ ಮೊದಲು ಸೆನ್ಸರ್ ಪಿನ್ನಿಗೆ ತಾಗಿದ್ರೆ ಆ ಸೋರಿಕೆ ಪಿನ್ನಿನ ಮೂಲಕವೇ ಹಾದುಹೋಗುತ್ತೆ. ಅದಕ್ಕೇ ಯಾವಾಗಲೂ ಕ್ಲಿಪ್ ಮೊದಲು, ತುದಿ ಆಮೇಲೆ, ತೆಗೆಯುವಾಗ ತುದಿ ಮೊದಲು.

ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿದ್ರೆ ಎಲ್ಲಕ್ಕಿಂತ ನೆಮ್ಮದಿ. ಆದರೆ ಪ್ರೊಜೆಕ್ಟರಿನ ಎಚ್‌ಡಿಎಂಐ ಕೇಬಲ್ ಚುಚ್ಚಿದ್ರೆ ಅದರ ಮೂಲಕ ಅರ್ಥ್ ವಾಪಸ್ ಬಂದ್ಬಿಡುತ್ತೆ. ಡೆಮೋ ದಿನ ಇದನ್ನ ಯಾರೂ ನೆನಪಿಟ್ಟುಕೊಳ್ಳಲ್ಲ. ಕೋಡ್ ಒಮ್ಮೆ ಹಾಕಿ ಆದಮೇಲೆ ಬೋರ್ಡಿಗೆ ಪವರ್ ಬ್ಯಾಂಕ್ ಸಾಕು. ಸೀರಿಯಲ್ ಮಾನಿಟರ್ ಬೇಕೇ ಬೇಕು ಅಂದ್ರೆ ಯುಎಸ್‌ಬಿ ಐಸೊಲೇಟರ್ ಸಿಗುತ್ತೆ. ಎಡಿಯುಎಂ3160 ಚಿಪ್ ಇರೋದು 12 ಎಂಬಿಪಿಎಸ್‌ವರೆಗೆ ಓಡುತ್ತೆ, ನಮ್ಮ ಬೋರ್ಡುಗಳಿಗೆ ಧಾರಾಳ. ಕ್ಲಿಪ್ ಹಾಕೋ ಮುಂಚೆ, ಕ್ಲಿಪ್ಪಿಗೂ ಹಾಕಬೇಕಾದ ಜಾಗಕ್ಕೂ ನಡುವೆ ಮಲ್ಟಿಮೀಟರಿನಲ್ಲಿ ಡಿಸಿ, ಎಸಿ ಎರಡೂ ನೋಡಿ. ಏನಾದ್ರೂ ವೋಲ್ಟೇಜ್ ಕಂಡರೆ ಅದು ಎಲ್ಲಿಂದ ಅಂತ ಗೊತ್ತಾಗೋವರೆಗೂ ಹಾಕಬೇಡಿ.

"ಅರ್ಥ್ ಪಿನ್ನೇ ಮುರಿದುಬಿಡು ಗುರು, ಎಲ್ಲ ಸರಿಹೋಗುತ್ತೆ" ಅಂತ ಹೇಳೋ ಸೀನಿಯರ್ಸ್ ಎಲ್ಲ ಕಾಲೇಜಲ್ಲೂ ಇರ್ತಾರೆ. ಶಾರ್ಟ್ ಆಗೋದು ನಿಲ್ಲುತ್ತೆ, ನಿಜ. ಆದರೆ ಕ್ಲಿಪ್ ಫೇಸ್ ಇರೋ ಜಾಗಕ್ಕೆ ತಾಗಿದ್ರೆ ಸ್ಕೋಪಿನ ಇಡೀ ಬಾಡಿ 230 ವೋಲ್ಟ್ ಆಗುತ್ತೆ, ಫ್ಯೂಸ್ ಹಾರೋಕೆ ದಾರಿಯೇ ಇರಲ್ಲ. ಕೆ.ಆರ್. ನಗರದ ಕಡೆಯವರು ಗದ್ದೆ ಪಂಪ್‌ಸೆಟ್ ಸ್ಟಾರ್ಟರಿನ ಪ್ರಾಜೆಕ್ಟ್ ಮಾಡೋದಾದ್ರೆ ಇದನ್ನ ಎರಡು ಸಲ ಓದಿ. ಫೇಸ್‌ಗಳ ನಡುವೆ 400 ವೋಲ್ಟ್ ಇರುತ್ತೆ. ಅಲ್ಲಿಗೆ ಸಾಮಾನ್ಯ ಪ್ರೋಬ್ ಬೇಡವೇ ಬೇಡ, ಆ ವೋಲ್ಟೇಜಿಗೆ ರೇಟ್ ಆದ ಡಿಫರೆನ್ಷಿಯಲ್ ಪ್ರೋಬ್ ಬೇಕು, ಪಕ್ಕದಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಬೇಕು. ಟ್ರಾನ್ಸ್‌ಫಾರ್ಮರ್ ಇಲ್ಲದೆ ಬರೀ ಕೆಪ್ಯಾಸಿಟರ್ ಹಾಕಿ 230ರಿಂದ 5 ವೋಲ್ಟ್ ಮಾಡೋ ಸರ್ಕ್ಯೂಟಿಗೆ ಯುಎಸ್‌ಬಿಯನ್ನೂ ಚುಚ್ಚಬಾರದು, ಕ್ಲಿಪ್ಪನ್ನೂ ಹಾಕಬಾರದು. ಅದರ ಗ್ರೌಂಡ್ ಅಂದ್ರೆ ಮೇನ್ಸಿನದೇ ಒಂದು ತಂತಿ.

ಇದೆಲ್ಲ ಅರ್ಥ್ ಇದೆ ಅಂದ್ಕೊಂಡು ಹೇಳಿದ್ದು. ಊರಿನ ಹಳೇ ಮನೆಯಲ್ಲಿ, ಬ್ಯಾರನ್ ಪಕ್ಕದ ಶೆಡ್ಡಿನಲ್ಲಿ, ಸಾಕೆಟ್ಟಿಗೆ ಮೂರು ತೂತು ಇದ್ದರೂ ಮೇಲಿನದಕ್ಕೆ ವೈರೇ ಇಲ್ಲದಿರಬಹುದು. ಇಲ್ಲಾ, ಇದ್ದಿಲು ಉಪ್ಪು ಹಾಕಿದ ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ಯಾರೂ ನೀರೇ ಹುಯ್ದಿರಲ್ಲ. ಫೇಸಿಗೂ ಅರ್ಥಿಗೂ ಮಲ್ಟಿಮೀಟರ್ 230 ತೋರಿಸಿತು ಅಂತ ನಂಬಬೇಡಿ. ಮೀಟರ್ ಎಳೆಯೋದು ಮೈಕ್ರೋ ಆಂಪಿಯರ್ ಲೆಕ್ಕದಲ್ಲಿ, ಕೆಟ್ಟ ಅರ್ಥಿನಲ್ಲೂ ಅಷ್ಟೇ ತೋರಿಸುತ್ತೆ. ಊರಿನ ವೈರಿಂಗ್ ಅಣ್ಣನನ್ನ ಕರೆಸಿ ಅರ್ಥ್ ಟೆಸ್ಟ್ ಮಾಡಿಸಿ. ಅಲ್ಲಿವರೆಗೂ ಶೆಡ್ಡಿಗೆ ಪವರ್ ಬ್ಯಾಂಕ್, ಬ್ಯಾಟರಿ ಮೇಲೆ ಓಡೋ ಸಣ್ಣ ಸ್ಕೋಪ್. ಅಂದಹಾಗೆ −127 ಬರ್ತಿದ್ದ ಆ ಉದ್ದ ವೈರಿಗೆ ಪುಲ್‌ಅಪ್ಪನ್ನ 4.7ರಿಂದ 2.2 ಕಿಲೋ ಓಮ್‌ಗೆ ಇಳಿಸಿ, ಸಿಗ್ನಲ್ ಏರೋ ಅಂಚು ಎಷ್ಟು ಚುರುಕಾಯ್ತು ಅಂತ ಸ್ಕೋಪಿನಲ್ಲೇ ನೋಡಿ.