ಟಿಡಿಎಸ್ ಹೋದರೆ ಹೋಗಲಿ ಅನ್ನಬೇಡಿ

ಚಳ್ಳಕೆರೆಯಂಥ ಊರಲ್ಲಿ ಕೂತು ಬರೆದು ಬದುಕುವವರಿಗೆ ಸಂಭಾವನೆ ಬರುವುದೇ ಚೂರುಚೂರಾಗಿ. ಅದರಲ್ಲೂ ಟಿಡಿಎಸ್ (ಮೂಲದಲ್ಲೇ ಕಳೆಯುವ ತೆರಿಗೆ) ಹಿಡಿದುಕೊಂಡರೆ, ‘ಹೋದದ್ದು ಹೋಯ್ತು, ನಮ್ಮ ಗಳಿಕೆಗೆ ರಿಟರ್ನ್ ಬೇರೆ ಯಾಕೆ’ ಎಂದು ಬಿಟ್ಟುಬಿಡುವ ಗೆಳೆಯರಿದ್ದಾರೆ. ನನಗೆ ಸಂಕಟವಾಗುತ್ತದೆ. ಅದು ಅವರ ದುಡಿಮೆಯ ಹಣ.

2025–26ರ ಲೆಕ್ಕವನ್ನೇ ನೋಡಿ. ಒಂದೇ ಸಂಸ್ಥೆಯಿಂದ ವರ್ಷಕ್ಕೆ 50 ಸಾವಿರ ರೂಪಾಯಿ ದಾಟಿದರೆ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 194ಜೆ ಪ್ರಕಾರ ಶೇ 10 ಹಿಡಿಯುತ್ತಾರೆ. ಅನುವಾದಕ್ಕೆಂದು 2 ಲಕ್ಷ ಬಂದವರಿಗೆ 20 ಸಾವಿರ ಕಡಿತ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಆಮೇಲೆ 12 ಲಕ್ಷದವರೆಗೂ ರಿಯಾಯಿತಿಯಿಂದ ಸೊನ್ನೆಯಾಗುತ್ತದೆ. ಬೇರೆ ಆದಾಯವಿಲ್ಲದಿದ್ದರೆ ಆ 20 ಸಾವಿರ ಪೂರ್ತಿ ವಾಪಸು ಬರಬೇಕು. ರಿಟರ್ನ್ ಸಲ್ಲಿಸದೆ ಬರುವುದಿಲ್ಲ, ಅಷ್ಟೆ. ವರ್ಷದ ಟಿಡಿಎಸ್ 25 ಸಾವಿರ ಮುಟ್ಟಿದರಂತೂ (ಹಿರಿಯ ನಾಗರಿಕರಿಗೆ 50 ಸಾವಿರ) ರಿಟರ್ನ್ ಕಡ್ಡಾಯ.

ನಾನು ಸಲ್ಲಿಸುವ ಮೊದಲು ನನ್ನ ಲೆಕ್ಕದ ಪುಸ್ತಕವನ್ನು ತೆರಿಗೆ ಇಲಾಖೆಯ ಟಿಡಿಎಸ್ ಪಟ್ಟಿಯಾದ 26ಎಎಸ್ ಜೊತೆ ಸಾಲುಸಾಲಾಗಿ ತಾಳೆ ನೋಡುತ್ತೇನೆ. ಒಮ್ಮೆ ಒಂದು ಪತ್ರಿಕೆ ಹಿಡಿದ ಹಣ ಅದರಲ್ಲಿ ಕಾಣಲೇ ಇಲ್ಲ. ಕಾಗದ ಬರೆದೆ, ಬೆನ್ನುಬಿದ್ದೆ; ಸರಿಪಡಿಸಿದರು.

ಹೊಸ ಪದ್ಧತಿಯಲ್ಲಿ ಏನನ್ನೂ ಕಳೆಯುವಂತಿಲ್ಲ ಎಂಬ ಮಾತು ಅರ್ಧ ಸತ್ಯ. ಎಲ್‌ಐಸಿ, ಪಿಪಿಎಫ್‌ಗಳ 80ಸಿ ಇಲ್ಲ, ನಿಜ. ಆದರೆ ಬರವಣಿಗೆಗೆಂದೇ ಮಾಡಿದ ಖರ್ಚನ್ನು ಎರಡೂ ಪದ್ಧತಿಯಲ್ಲಿ ಕಳೆಯಬಹುದು. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಕಾರರನ್ನು ಮಾತಾಡಿಸಲು ಹೋದಾಗಿನ ಬಸ್ ಟಿಕೆಟ್, ಬ್ರಹ್ಮಗಿರಿಯ ಅಶೋಕನ ಶಾಸನ ನೋಡಲು ಹೋದಾಗಿನ ಆಟೊ ಬಾಡಿಗೆ, ಇಂಟರ್‌ನೆಟ್ ಬಿಲ್ಲು, ಫೋನಿನಲ್ಲಿ ಕೆಲಸದ ಪಾಲು, ಎಲ್ಲಕ್ಕೂ ದಾಖಲೆ ಇಟ್ಟಿದ್ದೇನೆ. ಲ್ಯಾಪ್‌ಟಾಪಿನ ಬೆಲೆಯನ್ನು ಮಾತ್ರ ಒಂದೇ ಸಲ ಕಳೆಯಲಾಗದು, ವರ್ಷಕ್ಕೆ ಶೇ 40ರ ಸವಕಳಿ. ಫಾರಂ ಐಟಿಆರ್-3, ಸಂಬಳದಾರರ ಐಟಿಆರ್-1 ಅಲ್ಲ.

ಪುಸ್ತಕದ ರಾಯಧನಕ್ಕೆ 80ಕ್ಯೂಕ್ಯೂಬಿಯಲ್ಲಿ 3 ಲಕ್ಷದವರೆಗೆ ವಿನಾಯಿತಿಯುಂಟು, ಹಳೆಯ ಪದ್ಧತಿಯಲ್ಲಿ ಮಾತ್ರ. ಶಾಲಾ ಪಠ್ಯ, ಗೈಡು, ಪತ್ರಿಕಾ ಲೇಖನಗಳಿಗೆ ಇಲ್ಲ. ನಮ್ಮಂಥವರ ಗಳಿಕೆಗೆ ಹೊಸ ಪದ್ಧತಿಯೇ ವಾಸಿ.

ಇನ್ನು ನಮ್ಮ ಶೇಂಗಾ ಹೊಲದ ಆದಾಯ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲವೆಂದು ಸಂಭಾವನೆಯನ್ನೂ ಅದರಲ್ಲಿ ಸೇರಿಸಿ ತೋರಿಸುವುದು ತಪ್ಪು. ಬರೆದ ದುಡ್ಡು ಪ್ಯಾನ್ ಮೇಲೆ ಕಾಣುತ್ತಿರುತ್ತದೆ. ಕೃಷಿಯ ನಿವ್ವಳ 5 ಸಾವಿರ ಮೀರಿ, ಇತರ ಆದಾಯವೂ ಮೂಲ ಮಿತಿ ದಾಟಿದರೆ ತೆರಿಗೆ ದರ ಲೆಕ್ಕಹಾಕುವಾಗ ಎರಡನ್ನೂ ಕೂಡಿಸುತ್ತಾರೆ. ಹಾಗಾಗಿ ಮಂಡಿ ಚೀಟಿಗಳಿಗೆ ನಮ್ಮ ಮನೆಯಲ್ಲಿ ಬೇರೆಯೇ ಫೈಲು.

ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿ ಕೊಟ್ಟು ಇ-ವೆರಿಫೈ ಮಾಡಿ, ಬ್ಯಾಂಕ್ ಖಾತೆಯನ್ನು ಪೋರ್ಟಲ್‌ನಲ್ಲಿ ದೃಢೀಕರಿಸಿ. ಮರುಪಾವತಿ ಆ ಖಾತೆಗೇ ಬರುವುದು.