ಹೆರಿಗೆಯ ಮೂರು ಘಟ್ಟಗಳು

ಘಟ್ಟ ಎಂಬ ಮಾತಿಗೆ ಎರಡು ಅರ್ಥಗಳುಂಟು: ಒಂದು ಬೆಟ್ಟಸಾಲು, ಇನ್ನೊಂದು ಹಂತ. ಮೂಡಿಗೆರೆಯ ಸೀಮೆಯಲ್ಲಿ ದಿನ ತುಂಬಿದ ಗರ್ಭಿಣಿಯು ಎರಡು ಬಗೆಯ ಘಟ್ಟಗಳನ್ನೂ ದಾಟಬೇಕಾಗುತ್ತದೆ. ಕಾಫಿ ತೋಟದೊಳಗಿನ ಲೈನ್ ಮನೆಗಳಿಂದ ದೊಡ್ಡ ರಸ್ತೆಗೆ ಬರುವುದೇ ಒಂದು ಪ್ರಯಾಣ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಈ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿಯಿತು. ಚಾರ್ಮಾಡಿ ಘಾಟಿಯ ಸಂಚಾರ ನಿಂತಿತು. ಇಂತಹ ನಾಡಿನಲ್ಲಿ ಹೆರಿಗೆ ಹೇಗೆ ಸಾಗುತ್ತದೆಂಬ ತಿಳಿವಳಿಕೆ ಮನೆಯ ಎಲ್ಲರಿಗೂ ಅಗತ್ಯ.

ಮೊದಲನೆಯ ಘಟ್ಟವೇ ದೀರ್ಘವಾದುದು. ಗರ್ಭಕೋಶವು ಸ್ನಾಯುಗಳಿಂದಾದ ಚೀಲ. ಬಸಿರಿನ ತಿಂಗಳುಗಳಲ್ಲಿ ಮುಚ್ಚಿದ್ದ ಅದರ ಬಾಯಿಯು, ಸ್ನಾಯುಗಳು ಬಿಗಿದು ಸಡಿಲಿದಂತೆಲ್ಲ ತೆಳುವಾಗಿ ತೆರೆಯತೊಡಗುತ್ತದೆ. ಇದೇ ಬೇನೆ. ಹುಸಿನೋವು ವಿಶ್ರಾಂತಿಯಿಂದ ತಗ್ಗುವುದು. ನಿಜವಾದ ಬೇನೆಯಾದರೋ ಕ್ರಮವಾಗಿ ಮರಳಿ ಬಂದು, ನಡುವಿನ ಬಿಡುವು ಕಿರಿದಾಗುತ್ತ, ಬಲಗೊಳ್ಳುತ್ತ ಹೋಗುವುದು. ಬಾಯಿ ಸುಮಾರು 10 ಸೆಂಟಿಮೀಟರ್ ತೆರೆದಾಗ ಈ ಘಟ್ಟ ಮುಗಿಯುತ್ತದೆ. ಚೊಚ್ಚಲ ಹೆರಿಗೆಯಲ್ಲಿ ಇದಕ್ಕೆ ಅನೇಕ ಗಂಟೆಗಳು ಬೇಕು. ಮುಂದಿನವುಗಳಲ್ಲಿ ಸಾಮಾನ್ಯವಾಗಿ ಕಡಿಮೆ. ಆಸ್ಪತ್ರೆಗೆ ಹೊರಡಲು ತಕ್ಕ ಹೊತ್ತು ಇದೇ. ಮಳೆ ಬಿಡಲೆಂದು ಕಾಯುವುದು ತರವಲ್ಲ. ನೀರು ಒಡೆದರೆ ಅಥವಾ ರಕ್ತ ಹರಿದರೆ, ಬೇನೆ ಬಾರದಿದ್ದರೂ ಕೂಡಲೇ ಹೊರಡಬೇಕು. 2008ರಲ್ಲಿ ರಾಜ್ಯದಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆ ಇದಕ್ಕೆ ನೆರವಾಗುತ್ತದೆ.

ಎರಡನೆಯ ಘಟ್ಟದಲ್ಲಿ ಬೇನೆಯೊಡನೆ ತಾಯಿಯ ಮುಕ್ಕುವ ಶಕ್ತಿಯೂ ಸೇರುತ್ತದೆ. ಮಗುವಿನ ತಲೆ ಮೆಲ್ಲನೆ ತಿರುಗುತ್ತ, ಕೆಳಗಿಳಿದು ಹೊರಬರುತ್ತದೆ. ಚೊಚ್ಚಲ ಹೆರಿಗೆಯಲ್ಲಿ ಇದು ಸಾಮಾನ್ಯವಾಗಿ 3 ಗಂಟೆಗಳೊಳಗೆ ಮುಗಿಯುತ್ತದೆ.

ಮಗು ಅತ್ತೊಡನೆ ಎಲ್ಲರ ಕಣ್ಣೂ ಅದರತ್ತ ತಿರುಗುವುದು ಸಹಜ. ಆದರೆ ಹೆರಿಗೆ ಇನ್ನೂ ಮುಗಿದಿಲ್ಲ. ಮಾಸು ಬೀಳುವುದು ಮೂರನೆಯ ಘಟ್ಟ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಅದು ಮುಗಿಯುತ್ತದೆ. ಮಾಸು ಬಿಟ್ಟ ಜಾಗದ ರಕ್ತನಾಳಗಳನ್ನು ಗರ್ಭಕೋಶವು ತಾನೇ ಬಿಗಿದು ಮುಚ್ಚಬೇಕು. ಅದು ಬಿಗಿಯದಿದ್ದರೆ ರಕ್ತಸ್ರಾವ ನಿಲ್ಲದು. 500 ಮಿಲಿಲೀಟರ್ ಮೀರಿದ ರಕ್ತನಷ್ಟವನ್ನು ವೈದ್ಯರು ಅಪಾಯದ ಸೂಚನೆಯೆಂದು ಎಣಿಸುತ್ತಾರೆ. ಆದ್ದರಿಂದಲೇ ಮಗು ಹುಟ್ಟಿದೊಡನೆ ತಾಯಿಗೆ ಆಕ್ಸಿಟೋಸಿನ್ ಚುಚ್ಚುಮದ್ದನ್ನು ಕೊಡುತ್ತಾರೆ. ಮುಂದಿನ ಕೆಲವು ಗಂಟೆ ಅವಳನ್ನು ಎಚ್ಚರದಿಂದ ಕಾಯುತ್ತಾರೆ.

ಆಸ್ಪತ್ರೆಗಳು ವಿರಳವಾಗಿದ್ದ ಕಾಲದಲ್ಲಿ ನಮ್ಮ ಹಳ್ಳಿಗಳಿಗೆ ಸೂಲಗಿತ್ತಿಯೇ ಆಸರೆಯಾಗಿದ್ದಳು. ಬಯಲುಸೀಮೆಯ ಪಾವಗಡದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಉಚಿತವಾಗಿ ಮಾಡಿಸಿ, 2018ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ನಿಧನರಾದರು. ಅಂತಹವರ ಕೈಗುಣ, ತಾಳ್ಮೆ, ಸಾಂತ್ವನದ ಮಾತು ಇಂದಿಗೂ ಆದರ್ಶವೇ. ಆದರೆ ಹರಿದುಹೋಗುವ ರಕ್ತಕ್ಕೆ ಬದಲಾಗಿ ರಕ್ತವನ್ನು ಕೊಡುವ ಅನುಕೂಲ ಮನೆಯ ಕೋಣೆಯಲ್ಲಿ ದೊರೆಯದು.

ತಾಯಿಯ ಬೇನೆಯನ್ನು ಮನೆಯವರು ಹಂಚಿಕೊಳ್ಳಲಾರರು. ಹೊತ್ತನ್ನು ಅರಿತು ಅವಳನ್ನು ಸಕಾಲದಲ್ಲಿ ಆಸ್ಪತ್ರೆಗೆ ಮುಟ್ಟಿಸುವ ಹೊಣೆ ಮಾತ್ರ ಅವರದೇ.